ಒಂದು ಆಟಕ್ಕೆ ಎರಡು ಬೀಗ

ದುಡ್ಡು ಕಟ್ಟಿಯಾಗಿದೆ. ರಾತ್ರಿಯೆಲ್ಲ ಡೌನ್‌ಲೋಡ್‌ಗೆ ಹಾಕಿ ನೂರು ಜಿಬಿ ಇಳಿಸಿಯೂ ಆಗಿದೆ. ಬೆಳಿಗ್ಗೆ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ ತೆರೆದರೆ ‘ಪ್ಲೇ’ ಗುಂಡಿ ಹಸಿರು ತೋರಿಸುತ್ತದೆ. ಅದನ್ನು ಒತ್ತಿದಾಗ ಮೊದಲು ತೆರೆಯುವುದು ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಆಟವಲ್ಲ, ಅದನ್ನು ತಯಾರಿಸಿದ ರಾಕ್‌ಸ್ಟಾರ್ ಕಂಪನಿಯ ಲಾಂಚರ್, ಅಂದರೆ ಆಟ ತೆರೆಯುವ ಪ್ರತ್ಯೇಕ ತಂತ್ರಾಂಶ. ಅದು ಮೊದಲು ತನ್ನನ್ನೇ ಅಪ್‌ಡೇಟ್ ಮಾಡಿಕೊಳ್ಳುತ್ತದೆ. ಆಮೇಲೆ ಬೇರೊಂದು ಖಾತೆ, ಬೇರೊಂದು ಪಾಸ್‌ವರ್ಡ್ ಕೇಳುತ್ತದೆ. ಇಮೇಲಿಗೆ ಕೋಡ್ ಬಂದಿದೆ, ಹಾಕು ಎನ್ನುತ್ತದೆ. ಯೂಬಿಸಾಫ್ಟ್ ಆಟ ಕೊಂಡಿದ್ದರೆ ಯೂಬಿಸಾಫ್ಟ್ ಕನೆಕ್ಟ್, ಇಎ ಆಟ ಕೊಂಡಿದ್ದರೆ ಇಎ ಆ್ಯಪ್ ಇದೇ ಕೆಲಸ ಮಾಡುತ್ತದೆ. ಅಂಗಡಿ ಒಂದು ಕಡೆ, ಕಾವಲು ಇನ್ನೊಂದು ಕಡೆ.

ಕೊಲ್ಹಾಪುರದ ಅಂಚಿನಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಶಿರೋಳಿಯಂಥ ಊರಿನಲ್ಲಿ ಇದು ಇನ್ನಷ್ಟು ಕಾಡುತ್ತದೆ. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶ ಹೆಸರಾಗಿರುವುದು ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳಿಗೆ. ಇಚಲಕರಂಜಿಯ ಪವರ್‌ಲೂಮ್ ಓಣಿಗಳಿಂದ ಗಡಹಿಂಗ್ಲಜದ ಹಳ್ಳಿಗಳವರೆಗೆ ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಹೊರಗೆ ಮರಾಠಿ ಆಡುವ ಕುಟುಂಬಗಳಿವೆ. ಇಂಥ ಮನೆಗೆ ಕಂಪ್ಯೂಟರ್ ಬರುವುದು ಸಾಮಾನ್ಯವಾಗಿ ಮಕ್ಕಳ ಡಿಪ್ಲೊಮಾ, ಎಂಜಿನಿಯರಿಂಗ್ ಹೆಸರಿನಲ್ಲಿ: ಹಗಲು ಡ್ರಾಯಿಂಗ್, ರಾತ್ರಿ ಆಟ. ಸ್ಟೀಮ್‌ಗೆ ಥಾಯ್ ಬರುತ್ತದೆ, ವಿಯೆಟ್ನಾಮಿ ಬರುತ್ತದೆ, ಕನ್ನಡವೂ ಬರುವುದಿಲ್ಲ ಮರಾಠಿಯೂ ಬರುವುದಿಲ್ಲ. ಆಟ ಯಾಕೆ ತೆರೆಯಲಿಲ್ಲ ಎಂಬ ಕಾರಣವನ್ನು ಅದು ಹೇಳುವುದು ಮನೆಯಲ್ಲಿ ಯಾರೂ ಮಾತಾಡದ ಭಾಷೆಯಲ್ಲಿ, ಅದೂ ಬರೀ ಒಂದು ಎರರ್ ನಂಬರಿನ ರೂಪದಲ್ಲಿ.

‘ಆಟ ತಾನೆ, ಬಿಡಿ’ ಎನ್ನುವ ಹಿರಿಯರಿದ್ದಾರೆ. ಬಿಡಬಹುದಿತ್ತು, ಆಟ ಪುಕ್ಕಟೆಯಾಗಿದ್ದರೆ. ಮೂರು ನಾಲ್ಕು ಸಾವಿರ ರೂಪಾಯಿಯ ವಸ್ತುವೊಂದನ್ನು ಮಾರಿದ ಮೇಲೆಯೂ ಮಾರಿದವರು ಮತ್ತು ತಯಾರಿಸಿದವರು ಇಬ್ಬರೂ ಅದರ ಬೀಗದ ಕೈ ತಮ್ಮಲ್ಲೇ ಇಟ್ಟುಕೊಂಡರೆ ಅದು ಗ್ರಾಹಕರ ಹಕ್ಕಿನ ಪ್ರಶ್ನೆಯಾಗುತ್ತದೆ. ಇಂದು ಆಟದಲ್ಲಿ ನಡೆಯುತ್ತಿರುವುದು ನಾಳೆ ಪುಸ್ತಕ, ಸಿನಿಮಾ, ಟ್ರ್ಯಾಕ್ಟರಿನ ಸಾಫ್ಟ್‌ವೇರ್ ಎಲ್ಲದರಲ್ಲೂ ನಡೆಯಬಲ್ಲದು. ಕೆಲವದರಲ್ಲಿ ಈಗಾಗಲೇ ನಡೆದಿದೆ.

ಇದು ಶುರುವಾದದ್ದು ಒಂದೇ ಅಂಗಡಿಯಿಂದ. ವಾಲ್ವ್ ಕಂಪನಿ 2003ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಬಿಟ್ಟಿತು. ಮರುವರ್ಷ ನವೆಂಬರ್‌ನಲ್ಲಿ ಬಂದ ‘ಹಾಫ್-ಲೈಫ್ 2’ ಆಟವನ್ನು ಅಂಗಡಿಯಿಂದ ಸಿಡಿ ತಂದು ಹಾಕಿದರೂ ಸ್ಟೀಮ್ ಖಾತೆ ಇಲ್ಲದೆ ಆಡುವಂತಿರಲಿಲ್ಲ. ಮೊದಲ ದಿನಗಳಲ್ಲಿ ಸರ್ವರ್‌ಗಳು ಕುಸಿದು ಜನ ಬೈದರು. ಬೈದವರೇ ಆಮೇಲೆ ಒಗ್ಗಿಕೊಂಡರು. ಸ್ಟೀಮ್ ಕ್ರಮೇಣ ಒಳ್ಳೆಯ ಅಂಗಡಿಯಾಯಿತು. ಆದರೆ ಪ್ರತಿ ಮಾರಾಟದಲ್ಲಿ ನೂರಕ್ಕೆ ಮೂವತ್ತು ಅದರ ಪಾಲಿಗೆ ಹೋಗುತ್ತಿತ್ತು, ದೊಡ್ಡ ಕಂಪನಿಗಳ ಕಣ್ಣು ಅದರ ಮೇಲೆ ಬಿತ್ತು. ಇಎ 2011ರಲ್ಲಿ ಒರಿಜಿನ್ ತೆರೆದು ‘ಬ್ಯಾಟಲ್‌ಫೀಲ್ಡ್ 3’ ಆಟವನ್ನು ಸ್ಟೀಮ್‌ಗೆ ಕೊಡಲೇ ಇಲ್ಲ. ಯೂಬಿಸಾಫ್ಟ್ ಯೂಪ್ಲೇ ಕಟ್ಟಿತು, ಬೆಥೆಸ್ಡಾ ತನ್ನದೇ ಲಾಂಚರ್ ತಂದಿತು, 2018ರ ಡಿಸೆಂಬರ್‌ನಲ್ಲಿ ಎಪಿಕ್, 2019ರ ಸೆಪ್ಟೆಂಬರ್‌ನಲ್ಲಿ ರಾಕ್‌ಸ್ಟಾರ್.

ಆಮೇಲಿನದು ಇನ್ನೂ ಸ್ವಾರಸ್ಯಕರ. ಸ್ಟೀಮ್ ಬಿಟ್ಟು ಹೋದವರು ಗಿರಾಕಿ ಸಾಲದೆ ಒಬ್ಬೊಬ್ಬರೇ ಹಿಂತಿರುಗಿದರು. ಇಎ 2019ರಲ್ಲೇ ಬಂತು. ಆದರೆ ಬಹುತೇಕರು ತಮ್ಮ ಲಾಂಚರನ್ನು ಹೊರಗೆ ಬಿಟ್ಟು ಬರಲಿಲ್ಲ. ಅದನ್ನೂ ಆಟದ ಬೆನ್ನಿಗೆ ಕಟ್ಟಿಕೊಂಡೇ ಬಂದರು. ವ್ಯಾಪಾರದಲ್ಲಿ ಸೋತದ್ದು ಕಂಪನಿ, ದಂಡ ತೆರುವುದು ಆಟಗಾರ.

ಈ ಎರಡು ಬೀಗಗಳು ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆಂದು ಹತ್ತಿರದಿಂದ ನೋಡಬೇಕು. ಸ್ಟೀಮ್ ಆಟದ ಫೈಲುಗಳನ್ನು ತಂದಿಡುತ್ತದೆ, ‘ಈ ಖಾತೆಯವರು ಇದನ್ನು ಕೊಂಡಿದ್ದಾರೆ’ ಎಂಬ ಚೀಟಿ ಕೊಡುತ್ತದೆ. ಎರಡನೆಯ ಲಾಂಚರ್ ಆ ಚೀಟಿಯನ್ನು ತನ್ನ ಸರ್ವರ್‌ಗೆ ಕಳಿಸಿ, ಸ್ಟೀಮ್ ಖಾತೆ ತನ್ನ ಖಾತೆಗೆ ಜೋಡಣೆಯಾಗಿದೆಯೇ ಎಂದು ನೋಡುತ್ತದೆ. ಹಳೆಯ ಇಮೇಲಿನಲ್ಲಿ ಎಂದೋ ಮಾಡಿ ಮರೆತ ಖಾತೆಗೆ ಜೋಡಣೆಯಾಗಿದ್ದರೆ ಅಲ್ಲಿಗೆ ಮುಗಿಯಿತು, ಬಿಡಿಸಿಕೊಳ್ಳಲು ಹೆಲ್ಪ್‌ಡೆಸ್ಕ್‌ಗೆ ಬರೆಯಬೇಕು. ಎಲ್ಲ ಸರಿಯಿದ್ದರೂ ಎರಡೂ ಲಾಂಚರ್‌ಗಳು ಆಟ ನಡೆಯುವಾಗ ಪರದೆಯ ಮೇಲೆ ತಮ್ಮ ತಮ್ಮ ಕಿಟಕಿ ತೆರೆಯಲು ಹವಣಿಸುತ್ತವೆ. ಎಂಟು ಜಿಬಿ ರ‍್ಯಾಮ್‌ನ ಹಳೆಯ ಪಿಸಿಯಲ್ಲಿ ಇವೇ ಒಂದಿಷ್ಟು ಜಾಗ ನುಂಗುತ್ತವೆ. ಎಷ್ಟು ಹಂತ ಆಡಿದ್ದೀರಿ ಎಂಬ ಲೆಕ್ಕ ಕೆಲವು ಆಟಗಳಲ್ಲಿ ಸ್ಟೀಮ್ ಬಳಿ ಇರುತ್ತದೆ, ಕೆಲವದರಲ್ಲಿ ತಯಾರಕರ ಬಳಿ. ಅದೇ ಆಟವನ್ನು ಎಪಿಕ್‌ನಲ್ಲಿ ಮತ್ತೆ ಪುಕ್ಕಟೆ ಕೊಟ್ಟಾಗ ತೆಗೆದುಕೊಂಡವರಿಗೆ ಹಳೆಯ ಹಂತ ಅಲ್ಲಿಗೆ ಬರುತ್ತದೆಂಬ ಖಾತರಿ ಇಲ್ಲ.

ಕೆಟ್ಟಾಗ ಯಾರನ್ನು ಕೇಳಬೇಕು? ಮಾರಿದ್ದು ಸ್ಟೀಮ್, ಓಡಿಸಬೇಕಾದ್ದು ರಾಕ್‌ಸ್ಟಾರ್. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಸ್ಥಿತಿ.

2021ರ ನವೆಂಬರ್ 11ರಂದು ರಾಕ್‌ಸ್ಟಾರ್ ತನ್ನ ಮೂರು ಹಳೆಯ ಆಟಗಳ ಹೊಸ ಆವೃತ್ತಿ ಬಿಟ್ಟಿತು. ಅದೇ ಹೊತ್ತಿಗೆ ಅದರ ಪಿಸಿ ಲಾಂಚರ್ ಮಲಗಿತು, ಏಳಲು ಒಂದು ದಿನಕ್ಕೂ ಹೆಚ್ಚು ಹಿಡಿಯಿತು. ಹೊಸದನ್ನು ಕೊಂಡವರು ಬಿಡಿ, ಎಂದೋ ಕೊಂಡ ಆಟವನ್ನು ಒಬ್ಬರೇ ಕೂತು ಆಡುವವರಿಗೂ ಬಾಗಿಲು ಮುಚ್ಚಿತ್ತು. ಒಬ್ಬನೇ ಆಡುವ ಆಟಕ್ಕೆ ಅಮೆರಿಕದ ಸರ್ವರ್ ಯಾಕೆ ಬೇಕು ಎಂಬ ಪ್ರಶ್ನೆಗೆ ನಕಲು ತಡೆಯಲು ಎಂಬ ಉತ್ತರ ಸಿಗುತ್ತದೆ. 2010ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಇದನ್ನೇ ಹೇಳಿತ್ತು. ‘ಅಸಾಸಿನ್ಸ್ ಕ್ರೀಡ್ 2’ ಆಡುವಷ್ಟು ಹೊತ್ತೂ ಇಂಟರ್ನೆಟ್ ಇರಲೇಬೇಕೆಂದು ಕಟ್ಟು ಹಾಕಿತ್ತು. ಆಟ ಬಂದ ಕೆಲವೇ ದಿನಗಳಲ್ಲಿ ಯಾರೋ ಆ ಸರ್ವರ್‌ಗಳ ಮೇಲೆ ದಾಳಿ ಮಾಡಿದರು. ದುಡ್ಡು ಕೊಟ್ಟವರು ಆಟವಿಲ್ಲದೆ ಕೂತರು.

ನಕಲಿನ ವಿಷಯವನ್ನು ನಮ್ಮ ಊರುಗಳ ಸೈಬರ್ ಕೆಫೆ ಕಂಡವರಿಗೆ ವಿವರಿಸಬೇಕಿಲ್ಲ. ಎರಡು ಸಾವಿರದ ದಶಕದಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಆಡಿದ ‘ಕೌಂಟರ್-ಸ್ಟ್ರೈಕ್’, ‘ವೈಸ್ ಸಿಟಿ’, ‘ಮೋಸ್ಟ್ ವಾಂಟೆಡ್’ಗಳಲ್ಲಿ ಅಸಲಿ ಎಷ್ಟಿದ್ದವು ಎಂದು ಲೆಕ್ಕ ಹಾಕಲು ಒಂದು ಕೈ ಬೆರಳು ಸಾಕಿತ್ತೇನೋ. ಆ ಕಾಲದ ಹುಡುಗರು ಈಗ ಸಂಬಳ ತರುತ್ತಾರೆ, ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅವರನ್ನು ದಾರಿಗೆ ತಂದದ್ದು ಪೊಲೀಸರ ಭಯವಂತೂ ಅಲ್ಲ. ಸ್ಟೀಮ್ 2015ರಿಂದ ರೂಪಾಯಿಯಲ್ಲಿ ಬೆಲೆ ಹಾಕಿತು. ಅದೇ ವರ್ಷ, ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಎಂದಿತು. ನಕಲಿಗಿಂತ ಅಸಲಿ ಸುಲಭವಾಯಿತು, ಜನ ಅಸಲಿ ಕೊಂಡರು. ನಕಲು ಎನ್ನುವುದು ಬಹುಮಟ್ಟಿಗೆ ಸೇವೆಯ ಕೊರತೆ ಎಂದು ವಾಲ್ವ್‌ನ ಗೇಬ್ ನ್ಯೂವೆಲ್ 2011ರ ಸುಮಾರಿಗೆ ಹೇಳಿದ್ದರ ಹಿಂದೆ ಇಂಥದೇ ಅನುಭವವಿದೆ. ಈಗ ಎರಡನೆಯ ಲಾಂಚರ್ ಈ ಲೆಕ್ಕವನ್ನೇ ತಿರುಗಿಸಿದೆ. ಕ್ರ್ಯಾಕ್ ಮಾಡಿದ ಪ್ರತಿ ಡಬಲ್ ಕ್ಲಿಕ್‌ಗೆ ತೆರೆಯುತ್ತದೆ, ಬಿಲ್ಲು ಇರುವವರು ಎರಡು ಕಡೆ ಸಹಿ ಹಾಕಿ ಒಳಗೆ ಹೋಗಬೇಕು.

ಹಣ ವಾಪಸಿನ ನಿಯಮಕ್ಕೂ ಈ ಒಳಗಿನ ಲಾಂಚರ್‌ಗಳಿಗೂ ತಾಳೆಯಾಗುವುದಿಲ್ಲ. 2020ರ ಆಗಸ್ಟ್‌ನಲ್ಲಿ ಬಂದ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಇದಕ್ಕೆ ಒಳ್ಳೆಯ ನಿದರ್ಶನ. ಸ್ಟೀಮ್ ಕೊಡುತ್ತಿದ್ದದ್ದು ಒಂದು ಸಣ್ಣ ಭಾಗವನ್ನು ಮಾತ್ರ. ಉಳಿದ ತೊಂಬತ್ತು ಚಿಲ್ಲರೆ ಜಿಬಿ ಇಳಿಯುತ್ತಿದ್ದದ್ದು ಆಟವನ್ನು ತೆರೆದ ಮೇಲೆ, ಅದರೊಳಗಿನಿಂದ. 40 ಎಂಬಿಪಿಎಸ್ ಸಂಪರ್ಕ ಒಂದು ಕ್ಷಣವೂ ಕೈಕೊಡದಿದ್ದರೆ ಅದಕ್ಕೆ ಐದು ಗಂಟೆ ಬೇಕು. ಸ್ಟೀಮ್ ಗಡಿಯಾರದ ಪ್ರಕಾರ ಆ ಐದೂ ಗಂಟೆ ‘ಆಡಿದ’ ಸಮಯ. ವಿಮಾನ ಒಮ್ಮೆಯೂ ನೆಲ ಬಿಡದೆ ವಾಪಸಿನ ಅವಧಿ ಮುಗಿದಿರುತ್ತಿತ್ತು. ಗದ್ದಲವಾದ ಮೇಲೆ ವಾಲ್ವ್ ಕೆಲವರ ಮನವಿಯನ್ನು ಒಪ್ಪಿಕೊಂಡಿತು. ಆದರೆ ಗದ್ದಲ ಮಾಡಿದರೆ ಮಾತ್ರ ಸಿಗುವುದನ್ನು ಹಕ್ಕು ಎನ್ನಲಾಗದು.

ಇಂಟರ್ನೆಟ್ ಸದಾ ಇರುತ್ತದೆ ಎಂಬ ನಂಬಿಕೆ ಕಂಪನಿಗಳ ಊರಿನದು. 2019ರ ಆಗಸ್ಟ್‌ನಲ್ಲಿ ಪಂಚಗಂಗಾ ಉಕ್ಕಿ ಶಿರೋಳಿಯ ಬಳಿ ಹೆದ್ದಾರಿಯೇ ದಿನಗಟ್ಟಲೆ ಮುಳುಗಿತ್ತು. 2021ರ ಜುಲೈನಲ್ಲಿ ಮತ್ತೆ ಅದೇ ಕಥೆ. ಲಾರಿಗಳು ಸಾಲುಗಟ್ಟಿ ನಿಂತಿದ್ದ ಆ ದಿನಗಳಲ್ಲಿ ಯಾರಿಗೂ ಆಟದ ಚಿಂತೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆದರೆ ಕರೆಂಟ್ ಬಂದರೂ ನೆಟ್ ಬಾರದ, ಮನೆಯಿಂದ ಹೊರಗೆ ಹೋಗಲಾಗದ ಮಳೆಗಾಲದ ವಾರಗಳು ಈ ಭಾಗಕ್ಕೆ ಹೊಸತಲ್ಲ. ಅಂಥ ಹೊತ್ತಿಗೆಂದೇ ಸ್ಟೀಮ್‌ನಲ್ಲಿ ಆಫ್‌ಲೈನ್ ವ್ಯವಸ್ಥೆ ಇದೆ. ಎರಡನೆಯ ಲಾಂಚರ್ ಇದ್ದಲ್ಲಿ ನೆಟ್ ಹೋಗುವ ಮೊದಲೇ ಎರಡೂ ಕಡೆ ಲಾಗಿನ್ ಆಗಿ ಸಜ್ಜು ಮಾಡಿಟ್ಟಿರಬೇಕು. ಪ್ರವಾಹಕ್ಕೆ ಅಷ್ಟು ಮುಂಚೆ ಯಾರು ಲಾಂಚರ್ ಸಜ್ಜು ಮಾಡುತ್ತಾರೆ?

ಎದುರು ವಾದವೊಂದಿದೆ, ಅದು ಹಗುರವಾದದ್ದಲ್ಲ. ಒಂದೇ ಅಂಗಡಿ ಇದ್ದರೆ ಅದು ಏಕಸ್ವಾಮ್ಯ. ಎಪಿಕ್ ಬಂದ ಮೇಲೆ ಅಲ್ಲಿ ಆಟ ಮಾಡುವವರ ಪಾಲು ನೂರಕ್ಕೆ 88ಕ್ಕೆ ಏರಿತು. ಅದು ಬರುವ ಸುಳಿವು ಸಿಕ್ಕಾಗಲೇ ಎಂಬಂತೆ, ಕೆಲವೇ ದಿನ ಮೊದಲು ವಾಲ್ವ್ ಕೂಡ ತುಂಬ ಮಾರಾಟವಾಗುವ ಆಟಗಳಿಗೆ ತನ್ನ ಪಾಲನ್ನು 25ಕ್ಕೆ, 20ಕ್ಕೆ ಇಳಿಸಿತು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನಂಥ ಸಣ್ಣ ಸಂಸ್ಥೆಗೆ ಇದು ಮುಖ್ಯವಾದ ಮಾತು. ಅವರ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ 2020ರ ಅಕ್ಟೋಬರ್‌ನಲ್ಲಿ ಪಿಸಿಗೆ ಬಂದಾಗ ಸ್ಟೀಮ್, ಎಪಿಕ್, ಗಾಗ್ ಮೂರು ಅಂಗಡಿಗಳಲ್ಲೂ ಸಿಕ್ಕಿತು. ಕೊಳ್ಳುವವರು ತಮಗೆ ಬೇಕಾದಲ್ಲಿ ಕೊಂಡರು, ಆಡುವ ಮುಂಚೆ ನಾಲ್ಕನೆಯ ಖಾತೆ ಕೇಳುವವರು ಯಾರೂ ಇರಲಿಲ್ಲ. ಅಂಗಡಿಗಳ ಪೈಪೋಟಿ ಹೀಗಿದ್ದರೆ ತಕರಾರು ತೆಗೆಯುವವರು ಯಾರು? ಆದರೆ ಅದೇ ಎಪಿಕ್ 2019ರಲ್ಲಿ ‘ಮೆಟ್ರೊ ಎಕ್ಸೊಡಸ್’ ಆಟವನ್ನು, ಸ್ಟೀಮ್‌ನಲ್ಲಿ ಮುಂಗಡ ಮಾರಾಟ ನಡೆಯುತ್ತಿದ್ದಾಗಲೇ ಎತ್ತಿಕೊಂಡು ಒಂದು ವರ್ಷ ತನ್ನಲ್ಲಷ್ಟೇ ಇಟ್ಟುಕೊಂಡಿತು. ಬೆಲೆಯಲ್ಲಿ, ಸೇವೆಯಲ್ಲಿ ಮೇಲಾಟ ನಡೆಸುವುದು ಒಂದು, ಗಿರಾಕಿಗೆ ಬೇಕಾದ ಸರಕನ್ನು ಬಚ್ಚಿಟ್ಟು ತನ್ನ ಕಟ್ಟೆ ಹತ್ತಿಸುವುದು ಇನ್ನೊಂದು. ಲಾಂಚರ್‌ಗಳು ಪೈಪೋಟಿಯ ಹೆಸರಿನಲ್ಲಿ ಮಾಡಿದ್ದು ಬಹುಪಾಲು ಎರಡನೆಯದನ್ನು.

ಬೀಗ ಹಾಕಿದವರು ಅಂಗಡಿ ಮುಚ್ಚಿ ಹೋದಾಗ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. ಮೈಕ್ರೋಸಾಫ್ಟ್‌ನ ‘ಗೇಮ್ಸ್ ಫಾರ್ ವಿಂಡೋಸ್ ಲೈವ್’ ವ್ಯವಸ್ಥೆಗೆ ಕಟ್ಟಿದ್ದ ‘ಗ್ರ್ಯಾಂಡ್ ಥೆಫ್ಟ್ ಆಟೊ 4’ 2020ರ ಜನವರಿಯಲ್ಲಿ ಸ್ಟೀಮ್ ಕಪಾಟಿನಿಂದ ಮಾಯವಾಯಿತು. ಆ ವ್ಯವಸ್ಥೆಗೆ ಬೇಕಾದ ಹೊಸ ಕೀಲಿಗಳನ್ನು ಇನ್ನು ಸೃಷ್ಟಿಸಲು ಆಗುವುದಿಲ್ಲ ಎಂದು ರಾಕ್‌ಸ್ಟಾರ್ ಹೇಳಿತು. ಎರಡು ತಿಂಗಳ ಮೇಲೆ ಆಟ ಮರಳಿದಾಗ ಹಲವರು ಕೂಡಿ ಆಡುವ ಭಾಗವೇ ಇರಲಿಲ್ಲ. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು ನಿಲ್ಲಿಸಿತು. ಒಬ್ಬರೇ ಆಡಬಹುದಾದ ಭಾಗವೂ ಅದರ ಜೊತೆಗೇ ಹೋಯಿತು. ಆಮೇಲೆ ಕೊಂಡವರ ಪಟ್ಟಿಯಿಂದ ಪರವಾನಗಿಯನ್ನೂ ತೆಗೆಯಿತು. ಇದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ಕಂಪನಿಗಳ ಉತ್ತರ ಸಿದ್ಧವಿದೆ: ನೀವು ಕೊಂಡದ್ದು ಆಟವನ್ನಲ್ಲ, ಆಡುವ ಪರವಾನಗಿಯನ್ನು. ಕ್ಯಾಲಿಫೋರ್ನಿಯ 2024ರಲ್ಲಿ ಕಾನೂನು ಮಾಡಿ, ಹಾಗಿದ್ದರೆ ಅದನ್ನು ಕೊಳ್ಳುವ ಮೊದಲೇ ಸ್ಪಷ್ಟವಾಗಿ ಹೇಳಿ ಎಂದಿತು. ಸ್ಟೀಮ್ ಅದೇ ವರ್ಷದ ಅಕ್ಟೋಬರ್‌ನಿಂದ ದುಡ್ಡು ಕಟ್ಟುವ ಪುಟದಲ್ಲಿ ಒಂದು ಸಾಲು ಹಾಕುತ್ತಿದೆ. ಪ್ರಾಮಾಣಿಕತೆ ಒಳ್ಳೆಯದೇ. ಆದರೆ ಗೊತ್ತುಮಾಡಿ ಕಿತ್ತುಕೊಂಡರೂ ಕಿತ್ತುಕೊಂಡದ್ದೇ.

ವಸ್ತು ಇನ್ನೊಬ್ಬರ ಬಳಿ ಇದ್ದರೆ ಒಡೆತನವೂ ಅವರದೇ ಆಗಬೇಕೆಂದೇನಿಲ್ಲ. ಇದನ್ನು ಶಿರೋಳಿಯ ಫೌಂಡ್ರಿಯವರು ಚೆನ್ನಾಗಿ ಬಲ್ಲರು. ಪಂಪಿನ ಕಂಪನಿಯೊಂದು ಎರಕಕ್ಕೆ ಆರ್ಡರ್ ಕೊಡುವಾಗ ಪ್ಯಾಟರ್ನಿಗೂ ದುಡ್ಡು ಕೊಡುತ್ತದೆ. ಮರದ್ದೋ ಅಲ್ಯುಮಿನಿಯಂನದೋ ಆ ಅಚ್ಚು ವರ್ಷಗಟ್ಟಲೆ ಫೌಂಡ್ರಿಯ ಅಟ್ಟದ ಮೇಲೆಯೇ ಇರುತ್ತದೆ, ಮರಳು ಒತ್ತುವುದೂ ಅಲ್ಲಿಯೇ. ಆದರೂ ಅದು ಗಿರಾಕಿಯ ಸ್ವತ್ತು. ದರ ಕುದುರದಿದ್ದರೆ ಗಿರಾಕಿ ಟೆಂಪೊ ಕಳಿಸಿ ಪ್ಯಾಟರ್ನ್ ಹೇರಿಕೊಂಡು ಗೋಕುಳ ಶಿರಗಾಂವದ ಇನ್ನೊಂದು ಫೌಂಡ್ರಿಗೆ ಕೊಡುತ್ತಾನೆ. ಬಾಕಿ ಚುಕ್ತಾ ಆಗಿದ್ದರೆ ತಡೆಯಲು ಇವರಿಗೆ ಹಕ್ಕಿಲ್ಲ. ಆಟದ ಲೋಕದಲ್ಲಿ ಬೇಕಿರುವುದು ಇಷ್ಟೇ: ಫೈಲುಗಳು ಯಾರ ಸರ್ವರಿನಲ್ಲಾದರೂ ಇರಲಿ, ಕೊಂಡ ದಾಖಲೆ ಕೊಂಡವರದಾಗಿರಲಿ, ಅದನ್ನು ಹೇರಿಕೊಂಡು ಬೇರೆ ಕಡೆ ಹೋಗಲು ದಾರಿಯಿರಲಿ.

ತಾಂತ್ರಿಕವಾಗಿ ಆಗದು ಎನ್ನುವವರಿಗೆ ಬೆಥೆಸ್ಡಾವನ್ನು ತೋರಿಸಬಹುದು. 2022ರ ಮೇ ತಿಂಗಳಲ್ಲಿ ತನ್ನ ಲಾಂಚರ್ ಮುಚ್ಚುವಾಗ ಅದು ಗ್ರಾಹಕರ ಆಟಗಳನ್ನು ಸ್ಟೀಮ್ ಖಾತೆಗೆ ಪುಕ್ಕಟೆ ವರ್ಗಾಯಿಸಿತು. ಪೋಲೆಂಡಿನ ಗಾಗ್ 2008ರಿಂದ ಯಾವ ಬೀಗವೂ ಇಲ್ಲದ ಆಟಗಳನ್ನು ಮಾರುತ್ತಿದೆ. ಇನ್‌ಸ್ಟಾಲರ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಟ್ಟರೆ ಯಾರನ್ನೂ ಕೇಳಬೇಕಿಲ್ಲ. ಅಮೆರಿಕದಲ್ಲಿ ‘ಮೂವೀಸ್ ಎನಿವೇರ್’ 2017ರಿಂದ ಒಂದು ಅಂಗಡಿಯಲ್ಲಿ ಕೊಂಡ ಸಿನಿಮಾವನ್ನು ಬೇರೆ ಅಂಗಡಿಗಳಲ್ಲೂ ತೋರಿಸುತ್ತದೆ, ಅದರಲ್ಲಿ ಬದ್ಧವೈರಿಗಳಾದ ಆ್ಯಪಲ್, ಅಮೆಜಾನ್, ಗೂಗಲ್ ಒಟ್ಟಿಗೆ ಸೇರಿದ್ದವು. ಭಾರತಕ್ಕಂತೂ ಇದು ಪಾಠ ಹೇಳಿಸಿಕೊಳ್ಳುವ ವಿಷಯವೇ ಅಲ್ಲ. 2011ರ ಜನವರಿಯಲ್ಲಿ ಮೊಬೈಲ್ ನಂಬರ್ ಪೋರ್ಟ್ ಮಾಡುವ ಸೌಲಭ್ಯ ದೇಶದೆಲ್ಲೆಡೆ ಬಂದಾಗ ನಂಬರು ಕಂಪನಿಯ ಹಿಡಿತದಿಂದ ಬಿಡಿಸಿಕೊಂಡಿತು. 2016ರಲ್ಲಿ ಬಂದ ಯುಪಿಐನಲ್ಲಿ ಚಹಾದಂಗಡಿಯವನ ಬಳಿ ಯಾವ ಆ್ಯಪ್ ಇದೆ ಎಂದು ಕೇಳುವ ಪ್ರಮೇಯವೇ ಇಲ್ಲ. ಎರಡೂ ಕಡೆ ಕಂಪನಿಗಳು ತಾವಾಗಿ ಮುಂದೆ ಬರಲಿಲ್ಲ. ನಿಯಮ ಮಾಡಬೇಕಾಯಿತು, ಸಾರ್ವಜನಿಕ ವ್ಯವಸ್ಥೆ ಕಟ್ಟಬೇಕಾಯಿತು.

ನಿಯಮದ ಅಡಿಪಾಯ ಈಗಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇ-ಕಾಮರ್ಸ್ ಎಂದರೇನು ಎಂದು ಹೇಳುವಾಗ ಡಿಜಿಟಲ್ ಉತ್ಪನ್ನಗಳನ್ನೂ ಹೆಸರಿಸಿ ಸೇರಿಸಿದೆ. 2020ರ ಇ-ಕಾಮರ್ಸ್ ನಿಯಮಗಳು ಇಲ್ಲಿ ಕಚೇರಿ ಇಲ್ಲದಿದ್ದರೂ ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವವರಿಗೆ ಅನ್ವಯಿಸುತ್ತವೆ. ರೂಪಾಯಿಯಲ್ಲಿ ಬೆಲೆ ಹಾಕಿ ಮಾರುವುದು ವ್ಯವಸ್ಥಿತವಲ್ಲದಿದ್ದರೆ ಮತ್ತೇನು? ದೂರು ಬಂದ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಎಂದು ಅಲ್ಲಿಯೇ ಬರೆದಿದೆ. ಗ್ರಾಹಕರು ತಾವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಅಂದರೆ ಶಿರೋಳಿಯವರು ಅಮೆರಿಕದ ಕಂಪನಿಯ ಮೇಲೆ ಕೊಲ್ಹಾಪುರದ ಜಿಲ್ಲಾ ಆಯೋಗದ ಮೆಟ್ಟಿಲು ಹತ್ತಬಹುದು.

ಈ ನಿಯಮಗಳಿಗೆ ಎರಡು ಮೂರು ಸಾಲು ಸೇರಿಸಿದರೆ ಬಹಳಷ್ಟು ಬದಲಾಗುತ್ತದೆ. ಇನ್ನೊಂದು ಲಾಂಚರ್, ಇನ್ನೊಂದು ಖಾತೆ ಬೇಕಿದ್ದರೆ ಅದನ್ನು ಬೆಲೆಯ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಹೇಳಬೇಕು. ಈಗ ಸ್ಟೀಮ್ ಅದನ್ನು ಪುಟದ ಬದಿಯಲ್ಲೊಂದು ಡಬ್ಬಿಯಲ್ಲಿ ಹೇಳಿ ಮುಗಿಸುತ್ತದೆ. ಒಬ್ಬರೇ ಆಡುವ ಆಟ ನೆಟ್ ಇಲ್ಲದೆಯೂ ತೆರೆಯಬೇಕು. ಲಾಂಚರ್ ಮುಚ್ಚುವವರು ಗ್ರಾಹಕರ ಆಟಗಳನ್ನು ಬೇರೆ ಕಡೆ ದಾಟಿಸಿಯೇ ಮುಚ್ಚಬೇಕು. ಇದರಲ್ಲಿ ಯಾರ ದಿವಾಳಿಯೂ ಆಗುವುದಿಲ್ಲ.

ಒಂದು ತೊಡಕು ಕಾಯ್ದೆಯೊಳಗೇ ಇದೆ. ತಕ್ಕ ಕಾರಣವಿಲ್ಲದೆ ಒಂದೇ ಪಕ್ಷ ಕರಾರನ್ನು ಮುರಿಯಲು ಬಿಡುವುದನ್ನು ಕಾಯ್ದೆ ‘ಅನ್ಯಾಯದ ಕರಾರು’ಗಳ ಪಟ್ಟಿಯಲ್ಲಿ ಸೇರಿಸಿದೆ. ‘ಒಪ್ಪುತ್ತೇನೆ’ ಎಂದು ಓದದೆ ಒತ್ತಿಸಿಕೊಳ್ಳುವ ಲಾಂಚರ್ ಒಪ್ಪಂದಗಳನ್ನು ಅಳೆಯಲು ಇದಕ್ಕಿಂತ ಸರಿಯಾದ ಅಳತೆಗೋಲು ಇಲ್ಲ. ಆದರೆ ಕರಾರೇ ಅನ್ಯಾಯದ್ದು ಎಂಬ ದೂರನ್ನು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ. ಮೊತ್ತ ಎಷ್ಟೇ ಸಣ್ಣದಿರಲಿ, ಅದು ರಾಜ್ಯ ಆಯೋಗಕ್ಕೇ ಹೋಗಬೇಕು. ಮೂರು ಸಾವಿರದ ಆಟಕ್ಕೆ ವಕೀಲರನ್ನು ಹಿಡಿದು ರಾಜ್ಯ ಆಯೋಗಕ್ಕೆ ಅಲೆಯುವವರು ಸಿಗುವುದಿಲ್ಲ ಎಂಬುದು ಕಂಪನಿಗಳಿಗೂ ಗೊತ್ತಿದೆ. ಸಂಸತ್ತು ಈ ಕಾಯ್ದೆಯನ್ನು ಮುಂದೆ ತಿದ್ದುವಾಗ ಐದು ಲಕ್ಷದೊಳಗಿನ ಇಂಥ ದೂರುಗಳನ್ನು ಜಿಲ್ಲಾ ಆಯೋಗಕ್ಕೆ ಒಪ್ಪಿಸಲಿ. ಮೊದಲ ಹತ್ತು ತೀರ್ಪು ಬರುವಷ್ಟರಲ್ಲಿ ಎರಡನೆಯ ಲಾಂಚರ್ ಅಷ್ಟೊಂದು ಅನಿವಾರ್ಯವೇ ಎಂದು ಆ ಕಂಪನಿಗಳೇ ಲೆಕ್ಕ ಹಾಕತೊಡಗುತ್ತವೆ.